ನೆಲ ಡೊಂಕಿತ್ತು

ಸೋಮವಾರದ ಪೇಪರು ನೋಡಿದೆ ಸ್ವಾಮಿ.
ಕ್ರೀಡಾಪುಟದ ನೆತ್ತಿಗೆ ದಪ್ಪಕ್ಷರ:
‘ಆಳಲು ಬಾರದ ಆಡಳಿತ, ಆಡಿಸಲು ಬಾರದ ಕೋಚ್.’
ಪ್ರಾಸ ಚೆನ್ನಾಗಿದೆ.
ಕೆಳಗೆ ಇನ್ನಾಸ್ ಸರ್ ಫೋಟೋ, ಬಾಯಿ ಅಗಲಿಸಿ,
ಕೂಗಾಡಿ ಸೋತ ಮನುಷ್ಯನ ಹಾಗೆ.
ಕೂಗಲಿಲ್ಲ ಅವರು. ಸೀನುತ್ತಿದ್ದರು.
ನನ್ನ ಗಾಡಿಯ ಸುಣ್ಣದ ಧೂಳು, ತಪ್ಪು ನನ್ನದು.

ಆರು ಪಂದ್ಯ ಸೋತೆವು. ಲೆಕ್ಕ ಸರಿ,
ತಿದ್ದುವುದಕ್ಕೆ ಬಂದವನಲ್ಲ ನಾನು.
ಗೋವಾದವರ ಎದುರು ಎಪ್ಪತ್ತನೇ ನಿಮಿಷಕ್ಕೆ
ಡೆನ್ಜಿಲ್‌ನನ್ನು ಹೊರಗೆ ಕರೆದದ್ದು ತಪ್ಪೇ.
ದೀಪ ಆರಿಸಿದ ಮೇಲೂ ಕೂತಿದ್ದರು ಅಲ್ಲೇ,
ನಾನು ಬಲೆ ಬಿಚ್ಚುತ್ತಿದ್ದೆ.
‘ಅಂಜಿನಪ್ಪ, ಅವನನ್ನ ತೆಗೀಬಾರದಿತ್ತು ಕಣೋ’ ಅಂದರು,
ಗೋಲುಗಂಬಕ್ಕೆ ಹೇಳಿದ ಹಾಗೆ.
ನಿಮ್ಮ ಪೆನ್ನು ಅಷ್ಟು ಹೊತ್ತಿಗೆ ಮನೆ ಸೇರಿತ್ತು.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ,
ಆ ಗಾದೆಯನ್ನೂ ಬರೆದಿದ್ದೀರಿ.
ಈ ನೆಲ ನನ್ನದು. ಇಪ್ಪತ್ತೆರಡು ವರ್ಷದಿಂದ ಗೆರೆ ಎಳೆದಿದ್ದೇನೆ.
ಅವರು ಒಂದು ದಿನವೂ ಅನ್ನಲಿಲ್ಲ ಡೊಂಕು ಅಂತ.
ಡೊಂಕಿತ್ತು.
ಯಾರದೋ ಸಂಗೀತದ ಜಾತ್ರೆಗೆ ಮೂರು ದಿನ ಬಾಡಿಗೆಗೆ ಕೊಟ್ಟರು,
ಕಂಬ ನೆಟ್ಟ ಗುಂಡಿ, ಲಾರಿ ಚಕ್ರದ ಚರಂಡಿ,
ಹುಲ್ಲಿನೊಳಗೆ ಮೊಳೆ.
ಬೆಳಗಿನ ಐದೂವರೆಗೆ, ಹಲಸೂರಿನ ಕಡೆಯಿಂದ ಬಾಂಗ್ ಕೇಳುವಾಗ,
ಬಗ್ಗಿ ಮೊಳೆ ಆಯುತ್ತಿದ್ದವರು ಇಬ್ಬರು:
ಒಬ್ಬ ನಾನು, ನನಗೆ ಸಂಬಳ ಅದಕ್ಕೇ.
ಇನ್ನೊಬ್ಬರು ನಿಮ್ಮ ಫೋಟೋದವರು.
ಒಂದು ಮುಷ್ಟಿ ಮೊಳೆ ಬಿಸ್ಕತ್ತಿನ ಡಬ್ಬಿಯಲ್ಲಿದೆ,
ಬಂದರೆ ತೋರಿಸುತ್ತೇನೆ.

ಆಡಳಿತ ಅಂದಿರಿ.
ಮೆಟ್ಟಿಲ ಕೆಳಗೆ ಒಂದು ಕೋಣೆ, ಎರಡು ಕುರ್ಚಿ,
ಒಂದಕ್ಕೆ ಕೈ ಇಲ್ಲ. ಶಹನಾಜ್ ಮೇಡಂ ಕೂರುವುದು ಅದರಲ್ಲಿ.
ಬಣ್ಣದ ಕಂಪನಿ ಜನವರಿಯಲ್ಲಿ ಕೈಕೊಟ್ಟು ಹೋಯಿತು,
ಜೆರ್ಸಿಯ ಎದೆಯಲ್ಲಿ ಅಕ್ಷರ ಕಿತ್ತ ಗುರುತು ಇನ್ನೂ ಇದೆ.
ಏಳನೇ ತಾರೀಕು ನನ್ನ ಸಂಬಳ ತಪ್ಪಲಿಲ್ಲ.
ಮೇಡಂದು ಯಾವಾಗ ಬಂತು ಅಂತ ಕೇಳಿದೆ.
ಬೆನ್ಸನ್ ಟೌನಿನ ಆಟೋ ಸಿಕ್ಕಲಿಲ್ಲ ಅಂತೇನೋ
ಬೇರೆ ಮಾತು ತೆಗೆದರು.

ಇನ್ನು ಆ ಪೆನಾಲ್ಟಿ.
‘ಹತ್ತೊಂಬತ್ತರ ಹುಡುಗನ ಕೈಗೆ ಚೆಂಡು ಕೊಟ್ಟವರು ಯಾರು?’
ಮೈಕಿನ ಮುಂದೆ ನೀವೇ ಕೇಳಿದಿರಿ.
‘ನಾನೇ’ ಅಂದರು ಸರ್. ಕಣ್ಣು ಮಿಟುಕಿಸಲಿಲ್ಲ.
ಸುಳ್ಳು.
‘ಡೆನ್ಜಿಲ್, ಡೆನ್ಜಿಲ್’ ಅಂತ ಗೆರೆಯ ಆಚೆ ನಿಂತು
ಎರಡು ಸಲ ಕೂಗಿದ್ದು ನನ್ನ ಕಿವಿಗೆ ಬಿದ್ದಿದೆ.
ತಿಯಾಗು ಚೆಂಡನ್ನು ಹೊಟ್ಟೆಗವಚಿಕೊಂಡಿದ್ದ,
ಗೌತಮಪುರದ ಗಲ್ಲಿಯಲ್ಲಿ ಇರುವುದೊಂದೇ ಚೆಂಡನ್ನು
ಯಾರೋ ಕಿತ್ತುಕೊಳ್ಳುತ್ತಾರೆ ಅನ್ನುವ ಹಾಗೆ.
ಹೊಡೆದ. ಗ್ಯಾಲರಿಗೆ ಹೋಯಿತು.
ಮಾರನೇ ದಿನ ಸರ್ ಅವನಿಗೆ ಏನೂ ಅನ್ನಲಿಲ್ಲ,
ಕೋನ್ ಜೋಡಿಸು ಅಂದರು, ಅಷ್ಟೆ.

ಇದನ್ನು ಬರೆಯಬೇಡಿ.
ನನ್ನ ಹತ್ತಿರ ಇರುವ ಗಟ್ಟಿ ಸಾಕ್ಷಿ ಇದೊಂದೇ,
ಹೇಳಿದರೆ ಕೋಚು ಉಳಿದಾರು, ಹುಡುಗ ಉಳಿಯೋಲ್ಲ.
ಅದಕ್ಕೇ ಹೇಳುತ್ತಿಲ್ಲ.
ನೀವು ಮೇಲೆ ಗಾಜಿನ ಕೋಣೆಯಲ್ಲಿ,
ನಾನು ಕೆಳಗೆ, ಸುಣ್ಣಕ್ಕೆ ನೀರು ಹೊಯ್ಯುತ್ತ
ನನಗೆ ನಾನೇ ವಟಗುಟ್ಟುತ್ತಿದ್ದೇನೆ.

ನಿನ್ನೆ ಸಂಜೆ ಮಳೆ ಹೊಡೆಯಿತು. ಗೆರೆ ಎಲ್ಲ ಹಾಲಾಗಿ ಹರಿಯಿತು.
ಇಪ್ಪತ್ತು ಜೊತೆ ಬೂಟು ತೊಪ್ಪೆ.
ಪೇಪರು ತುರುಕಿ ಇಟ್ಟರೆ ಬೆಳಗಾಗುವಷ್ಟರಲ್ಲಿ
ನೀರೆಲ್ಲ ಹೀರುತ್ತದೆ, ಅದು ಹಳೇ ವಿದ್ಯೆ.
ನಿಮ್ಮ ಅಂಕಣ ತಿಯಾಗುವಿನ ಎಡಗಾಲಿಗೆ ಬಂತು.
ಬೇಕೆಂದೇ ಮಾಡಿದೆನೋ, ಕೈಗೆ ಸಿಕ್ಕಿತೋ, ಕೇಳಬೇಡಿ.

ಬೆಳಿಗ್ಗೆ ತೆಗೆದರೆ ಒಳ ಅಟ್ಟೆಯ ಮೇಲೆ
ದಪ್ಪಕ್ಷರ ಅಚ್ಚೊತ್ತಿತ್ತು, ತಿರುಗಮುರುಗ,
ಓದಲು ಬಾರದ ಹಾಗೆ.
ಹುಡುಗ ನೋಡಲಿಲ್ಲ.
ಕಾಲು ತೂರಿಸಿದ, ದಾರ ಬಿಗಿದ,
ಸೀಟಿ ಕೇಳಿದ ಕಡೆಗೆ ಓಡಿದ,
ಇನ್ನೂ ಒಣಗದ ನನ್ನ ಗೆರೆಯನ್ನು ತುಳಿದುಕೊಂಡೇ.